ನೆನೆದ ಪುಸ್ತಕದ ಮೊದಲ ಪುಟ

ಹಳೆಯ ಕನ್ನಡ ಪುಸ್ತಕಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡು ಓದುವವರಿಗೆ ಆ ಪುಟ ಚೆನ್ನಾಗಿ ಗೊತ್ತು. ಮುಖಪುಟಕ್ಕೂ ಮೊದಲು ಒಂದು ಬಿಳಿ ಹಾಳೆ. ಅದರ ನಡುವೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಡ್ರೆಂಚ್ಡ್ ಬುಕ್’. ನೆನೆದ ಪುಸ್ತಕ! ಇನ್ನೊಂದರಲ್ಲಿ ‘ಟೈಟ್ ಬೈಂಡಿಂಗ್ ಬುಕ್’, ಮತ್ತೊಂದರಲ್ಲಿ ‘ಪೇಜಸ್ ಮಿಸ್ಸಿಂಗ್’. ಆಸ್ಪತ್ರೆಯ ಮಂಚದ ಕಾಲಿಗೆ ರೋಗಿಯ ಕಾಯಿಲೆ ಬರೆದು ತೂಗುಹಾಕಿದ ಹಾಗೆ. ಆಮೇಲೆ ಬಾರ್‌ಕೋಡಿನ ಪುಟ, ಅದರಲ್ಲಿ ‘ಒ.ಯು.’ ಎಂಬ ಎರಡಕ್ಷರ, ಒಂದು ಉದ್ದನೆಯ ಸಂಖ್ಯೆ. ಅದನ್ನೂ ದಾಟಿದರೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಚೀಟಿ: ಕಾಲ್ ನಂಬರ್, ಅಕ್ಸೆಷನ್ ನಂಬರ್, ಲೇಖಕ, ಪುಸ್ತಕದ ಹೆಸರು, ಕೆಳಗೆ ಒತ್ತಿರುವ ಕೊನೆಯ ತಾರೀಖಿನೊಳಗೆ ಪುಸ್ತಕ ಹಿಂದಿರುಗಿಸತಕ್ಕದ್ದು ಎಂಬ ಸೂಚನೆ.

ಬಹಳ ಕಾಲ ನಾನು ಈ ಪುಟಗಳನ್ನು ಸಿನಿಮಾಕ್ಕೆ ಮುಂಚೆ ಬರುವ ಸೆನ್ಸಾರ್ ಸರ್ಟಿಫಿಕೇಟಿನ ಹಾಗೆ ಓಡಿಸಿಬಿಡುತ್ತಿದ್ದೆ. ಒಂದು ದಿನ ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಅಲೆದು ಸಿಗದ ಒಂದು ಪುಸ್ತಕ ಫೋನಿನಲ್ಲೇ ಸಿಕ್ಕಿತು. ಮತ್ತೆ ಅದೇ ಚೀಟಿ, ಅದೇ ಉಸ್ಮಾನಿಯಾ. ಧಾರವಾಡದಲ್ಲೋ ಮಂಗಳೂರಿನಲ್ಲೋ ಅಚ್ಚಾದ ಪುಸ್ತಕ, ಓದುತ್ತಿರುವವನು ಬೆಂಗಳೂರಿನವನು, ನಡುವೆ ಈ ಹೈದರಾಬಾದ್ ಎಲ್ಲಿಂದ ಬಂತು ಎಂದು ಆಗ ತಲೆಗೆ ಹತ್ತಿತು.

ಇದರ ಉತ್ತರವನ್ನು ಕಲಬುರಗಿ, ರಾಯಚೂರು, ಬೀದರ್ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮಂಥ ದಕ್ಷಿಣದವರಿಗೆ ಹೇಳಬೇಕು.

ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅದಾದ ಎರಡು ವರ್ಷಕ್ಕೆ, 1918ರಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ತನ್ನ ಹೆಸರಿನಲ್ಲೇ ಹೈದರಾಬಾದಿನಲ್ಲಿ ವಿಶ್ವವಿದ್ಯಾಲಯ ಕಟ್ಟಿಸಿದ. ಕನ್ನಡ ದೇಶದಲ್ಲೇ ಇದ್ದ ಮೈಸೂರು ಇಂಗ್ಲಿಷಿನಲ್ಲಿ ಪಾಠ ಹೇಳಿತು. ಉಸ್ಮಾನಿಯಾ ಮಾತ್ರ ವಿಜ್ಞಾನ, ವೈದ್ಯ, ಕಾನೂನುಗಳನ್ನೂ ಉರ್ದುವಿನಲ್ಲೇ ಕಲಿಸುವ ಸಾಹಸಕ್ಕೆ ಕೈಹಾಕಿತು. ಪಠ್ಯಗಳನ್ನು ಉರ್ದುವಿಗೆ ತರಲಿಕ್ಕೆಂದೇ ‘ದಾರುಲ್ ತರ್ಜುಮಾ’ ಎಂಬ ಅನುವಾದ ಸಂಸ್ಥೆಯಿತ್ತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಎಂಬ ಮಾತನ್ನು ನಾವು ಇನ್ನೂ ಭಾಷಣದಲ್ಲಿ ಆಡುತ್ತಿದ್ದೇವೆ. ಅವರು ನೂರು ವರ್ಷದ ಹಿಂದೆ ಮಾಡಿದ್ದರು. ಒಂದೇ ತೊಡಕೆಂದರೆ, ಅದು ಆ ರಾಜ್ಯದ ಬಹುಪಾಲು ಜನರ ಭಾಷೆಯಾಗಿರಲಿಲ್ಲ. ನಿಜಾಮನ ಹೈದರಾಬಾದ್ ಸಂಸ್ಥಾನದ 16 ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಬೀದರ್, ರಾಯಚೂರು ಮತ್ತು ಆಗ ಗುಲ್ಬರ್ಗ ಎನ್ನುತ್ತಿದ್ದ ಕಲಬುರಗಿ.

ಆ ಮೂರು ಜಿಲ್ಲೆಯ ಹುಡುಗರಿಗೆ ಗುಲ್ಬರ್ಗದಲ್ಲಿ ಇಂಟರ್‌ಮೀಡಿಯೆಟ್ ಮುಗಿದರೆ ಮುಂದಿನ ನಿಲ್ದಾಣ ಹೈದರಾಬಾದು. ‘ಕಾವ್ಯಾನಂದ’ ಎಂಬ ಹೆಸರಿನಲ್ಲಿ ಬರೆದ ಸಿದ್ಧಯ್ಯ ಪುರಾಣಿಕರು ಹಾಗೆ ಹೋಗಿ ಉಸ್ಮಾನಿಯಾದಲ್ಲಿ ಓದಿದವರು. ಕನ್ನಡ ಕಲಿಸಲು ಡಿ.ಕೆ. ಭೀಮಸೇನರಾಯರಂಥ ಮೇಷ್ಟರಿದ್ದರು. ಕನ್ನಡದ ತರಗತಿ ಇದೆ ಅಂದಮೇಲೆ ಕನ್ನಡದ ಪುಸ್ತಕ ಬೇಕಲ್ಲ? ಧಾರವಾಡ, ಬೆಂಗಳೂರು, ಮೈಸೂರು, ಮಂಗಳೂರುಗಳ ಮುದ್ರಣಾಲಯಗಳಿಂದ ಹೊರಟ ಕಾದಂಬರಿ, ನಾಟಕ, ವಚನ ಸಂಪಾದನೆ, ಶಾಲಾ ವ್ಯಾಕರಣ ಎಲ್ಲವೂ ನಿಜಾಮನ ಊರಿನ ಕಪಾಟು ಸೇರಿ, ಅಕ್ಸೆಷನ್ ನಂಬರ್ ಹೊಡೆಸಿಕೊಂಡು ಕೂತವು. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಮನೆ ಪಾಲಾಯಿತು, ಪುಸ್ತಕದ ಕಪಾಟು ಪಾಲಾಗಲಿಲ್ಲ. ಪುಣ್ಯ. ಪಾಲಾಗಿದ್ದರೆ ಎಷ್ಟು ಪುಸ್ತಕ ದಾರಿಯಲ್ಲಿ ಕಳೆದುಹೋಗುತ್ತಿದ್ದವೋ.

ಈ ಕಪಾಟಿನ ಮುಂದೆ ಸ್ಕ್ಯಾನರ್ ಬಂದು ನಿಂತದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ರಾಜ್ ರೆಡ್ಡಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಗತ್ತಿಗೆಲ್ಲ ಬಿಟ್ಟಿ ಓದಲು ಇಡೋಣ ಎಂದು ಹೊರಟರು. ಭಾರತ, ಚೀನಾ, ಈಜಿಪ್ಟ್‌ಗಳು ಕೈಜೋಡಿಸಿದವು. ನಮ್ಮ ಕಡೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್ ಮುಂದೆ ನಿಂತರು. ಹೈದರಾಬಾದಿನ ಟ್ರಿಪಲ್ ಐಟಿ ದೊಡ್ಡ ಕೇಂದ್ರವಾಯಿತು. ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಹುಟ್ಟಿದ್ದು ಹೀಗೆ. 2007ರ ಹೊತ್ತಿಗೆ ಜಾಗತಿಕ ಲೆಕ್ಕ 15 ಲಕ್ಷ ದಾಟಿತ್ತು.

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಆ ಪುಟಗಳೇ ಹೇಳುತ್ತವೆ. ಪುಸ್ತಕವನ್ನು ಅಂಗಾತ ಬಿಚ್ಚಿಟ್ಟು, ಮೇಲಿನಿಂದ ಕ್ಯಾಮೆರಾ ಕಣ್ಣು ನೋಡುವಂತೆ ಮಾಡಿ, ಪುಟ ಮಗುಚುತ್ತ ಹೋಗುವುದು. ಬೈಂಡು ಬಿಗಿಯಾಗಿದ್ದರೆ ಒಳಮಗ್ಗುಲಿನ ಅಕ್ಷರಗಳು ಬೆನ್ನಿನ ಸಂದಿಗೆ ಜಾರುತ್ತವೆ. ಅದಕ್ಕೇ ‘ಟೈಟ್ ಬೈಂಡಿಂಗ್’ ಎಂಬ ಎಚ್ಚರಿಕೆ. ಮಳೆಗೋ ಸೋರುವ ಮಾಡಿಗೋ ಸಿಕ್ಕಿ ಹಾಳೆಗಳು ಉಬ್ಬಿದ್ದರೆ ‘ಡ್ರೆಂಚ್ಡ್’. ಇಂಥದೊಂದು ಚೀಟಿ ಹಚ್ಚಬೇಕೆಂದು ಯಾರಿಗೆ ಹೊಳೆಯಿತೋ, ಅವರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಹೊಸ ಪುಸ್ತಕ ಮಾರುವವರು ಹೀಗೆ ಹಚ್ಚುವ ಪದ್ಧತಿ ಇದ್ದಿದ್ದರೆ ಎಂಬ ಕೆಟ್ಟ ಯೋಚನೆಯೂ ಬರುತ್ತದೆ.

ಚಿತ್ರಗಳು ಶುದ್ಧ ಕಪ್ಪು-ಬಿಳುಪು. ನಡುವಿನ ಬೂದು ಇಲ್ಲ. ಇಂಚಿಗೆ 600 ಚುಕ್ಕಿ, ಪ್ರತಿ ಚುಕ್ಕಿಯೂ ಒಂದೋ ಕಪ್ಪು, ಇಲ್ಲವೇ ಬಿಳಿ. ಡಿಸ್ಕಿನ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಇದೇ ಬುದ್ಧಿವಂತಿಕೆ. ಆದರೆ ಹಳದಿಗೆ ತಿರುಗಿದ ಹಾಳೆ, ನೇರಳೆ ಶಾಯಿಯ ಮೊಹರು, ಅಂಚಿನಲ್ಲಿ ಪೆನ್ಸಿಲಿನ ತೆಳುಗೆರೆ ಇವೆಲ್ಲ ಬೂದು ಲೋಕದ ಪ್ರಜೆಗಳು. ಯಂತ್ರ ಅವನ್ನು ಒಂದೋ ಮಸಿ ಮಾಡಿತು, ಇಲ್ಲವೇ ಅಳಿಸಿಹಾಕಿತು. ಕನ್ನಡದ ಅಕ್ಷರಗಳಿಗೂ ಇದೇ ಪೆಟ್ಟು ಬಿತ್ತು. ‘ಧ’ಕ್ಕೂ ‘ದ’ಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಸೀಳು. ಸವೆದ ಮೊಳೆಯಿಂದ ಒತ್ತಿದ ಅಚ್ಚಿನಲ್ಲಿ, ಮಸಿ ಹರಡಿದ ಕಡೆ, ಆ ಸೀಳು ಮುಚ್ಚಿಹೋದರೆ ಸಾಹುಕಾರನ ಧನ ಕೊಟ್ಟಿಗೆಯ ದನವಾಗುತ್ತದೆ. ಓದುವ ಮನುಷ್ಯ ಸಂದರ್ಭ ನೋಡಿ ತಿದ್ದಿಕೊಳ್ಳುತ್ತಾನೆ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಆ ಉಪಾಯ ತಿಳಿಯದು. ವಿಜ್ಞಾನ ಸಂಸ್ಥೆಯಲ್ಲೇ ರೂಪುಗೊಂಡ ‘ಲಿಪಿ ಜ್ಞಾನಿ’ಯಂಥ ಕನ್ನಡದ ಓಸಿಆರ್‌ಗಳು ಈಗ ಬಹಳ ಮುಂದೆ ಬಂದಿವೆ, ಅಂಧರಿಗೆ ಪುಸ್ತಕ ಓದಿಸುವ ಮಟ್ಟಕ್ಕೆ. ಆದರೂ ಚಿತ್ರದಲ್ಲೇ ಇಲ್ಲದ ಸೀಳನ್ನು ಅವು ತಾನೇ ಎಲ್ಲಿಂದ ತರಬೇಕು?

ಬಳೆ, ಬಲೆ, ಬಾಳೆ, ಬಾಲೆ

ಪುಸ್ತಕ ಸ್ಕ್ಯಾನ್ ಆಗುವುದು ಅರ್ಧ ಕೆಲಸ. ಹುಡುಕಿದರೆ ಸಿಗಬೇಕು. ಓದುಗನ ಸಮಯ ಉಳಿಸಬೇಕೆಂಬುದನ್ನು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಒಂದಾಗಿ 1931ರಲ್ಲೇ ಬರೆದಿಟ್ಟವರು ಎಸ್.ಆರ್. ರಂಗನಾಥನ್. ಕೊನೆಗಾಲವನ್ನು ಬೆಂಗಳೂರಿನಲ್ಲೇ ಕಳೆದು, ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರವನ್ನೂ ಕಟ್ಟಿದರು. ಅವರು ಇದನ್ನು ನೋಡಿದ್ದರೆ ಏನನ್ನುತ್ತಿದ್ದರೋ: ಡಿಜಿಟಲ್ ಲೈಬ್ರರಿಯಲ್ಲಿ ಕನ್ನಡ ಪುಸ್ತಕಗಳ ಹೆಸರುಗಳನ್ನೆಲ್ಲ ಇಂಗ್ಲಿಷ್ ಲಿಪಿಯಲ್ಲಿ ತುಂಬಲಾಗಿತ್ತು. ತುಂಬಿದವರಲ್ಲಿ ಎಷ್ಟೋ ಮಂದಿಗೆ ಕನ್ನಡ ಬರುತ್ತಿತ್ತೆಂದು ಆ ಪಟ್ಟಿ ನೋಡಿದವರಿಗೆ ಅನ್ನಿಸದು.

ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದರೆ ಏನಾಗುತ್ತದೆಂದು ವಾಟ್ಸ್‌ಆ್ಯಪ್ ಬಳಸುವ ಎಲ್ಲರೂ ಬಲ್ಲರು. ಬಳೆ, ಬಲೆ, ಬಾಳೆ, ಬಾಲೆ ನಾಲ್ಕೂ ಒಂದೇ ಆಗಿಬಿಡುತ್ತವೆ. ‘ನಮ್ಮ ಹಳ್ಳಿ’ ಎಂಬ ಹೆಸರನ್ನು ಆ ಪಟ್ಟಿಯಿಂದ ತಿರುಗಿ ಕನ್ನಡಕ್ಕೆ ತಂದರೆ ‘ನಮ್ಮ ಹಲ್ಲಿ’ ಗೋಡೆಯ ಮೇಲಿಂದ ಲೊಚಗುಟ್ಟುತ್ತದೆ. ದೀರ್ಘಕ್ಕೆ ಒಬ್ಬರು ಒಂದು ಅಕ್ಷರ ಹಾಕಿದರು, ಇನ್ನೊಬ್ಬರು ಎರಡು ಹಾಕಿದರು, ಮತ್ತೊಬ್ಬರು ಹಾಕಲೇ ಇಲ್ಲ. ಹೀಗಾಗಿ ಪುಸ್ತಕ ಕಣ್ಣೆದುರಿಗೇ ಇದ್ದೂ ಕಾಣದಾಯಿತು. ಊರಿನ ಬಾವಿಯಲ್ಲಿ ಬಿಂದಿಗೆ ಬಿದ್ದ ಹಾಗೆ. ನೀರಿನಲ್ಲೇ ಇದೆ, ಆದರೆ ಪಾತಾಳಗರಡಿ ಬೇಕು.

ಆ ಪಾತಾಳಗರಡಿಯನ್ನು ಯಾವ ವಿಶ್ವವಿದ್ಯಾಲಯವೂ ಮಾಡಲಿಲ್ಲ. ‘ಸಂಚಯ’ ಎಂಬ ಸ್ವಯಂಸೇವಕರ ತಂಡ ಮಾಡಿತು. ಡಿಜಿಟಲ್ ಲೈಬ್ರರಿಯ ಮತ್ತು ಉಸ್ಮಾನಿಯಾ ಗ್ರಂಥಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಎತ್ತಿಕೊಂಡು, ಹೆಸರುಗಳನ್ನು ಕನ್ನಡ ಲಿಪಿಗೆ ತಂದು, ‘ಪುಸ್ತಕ ಸಂಚಯ’ ಎಂದು ಹುಡುಕುವ ತಾಣ ಕಟ್ಟಿದರು. ಹಗಲು ಬೇರೆ ನೌಕರಿ ಮಾಡುವವರು ರಾತ್ರಿ ಕೂತು ತಿದ್ದಿದ ಕೆಲಸ ಅದು. ಕನ್ನಡ ಸಾಹಿತ್ಯ ಚರಿತ್ರೆಯ ಮೇಲೆ ಪಿಎಚ್‌ಡಿ ಬರೆದವರು ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರನ್ನೂ ಮನೆಯವರನ್ನೂ ಮನೆದೇವರನ್ನೂ ನೆನೆಯುತ್ತಾರೆ. ಈ ಹುಡುಗರ ಹೆಸರೂ ಅಲ್ಲಿರಬೇಕಿತ್ತು.

ಸ್ಥಳೀಯ ಇತಿಹಾಸ ಹುಡುಕುವವರ ಪಾಡು ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಊರಿನ ಹೆಸರೇ ಬೀಗದ ಕೈ. ಕಲಬುರಗಿ ಎಂದು ಹುಡುಕಿದರೆ ಹಳೆಯದು ಏನೂ ಬರದು, ಗುಲ್ಬರ್ಗ ಎನ್ನಬೇಕು. ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಬಂದಾಗ ಊರು ‘ಕೊಪ್ಬಾಳ್’ ಆಗಿತ್ತು. ಸುರಪುರ ಒಂದು ಕಡೆ ಸುರ್ಪುರ್, ಇನ್ನೊಂದು ಕಡೆ ಶೋರಾಪುರ್. ಆ ಪುರಾತತ್ವ ಮಾಲೆಯೇ ಒಂದು ನಿಧಿ. ಅದರ ಮೊದಲ ಪುಸ್ತಕ ರಾಯಚೂರು ಜಿಲ್ಲೆಯ ಮಸ್ಕಿಯದು. ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಅಲ್ಲಿನ ಬಂಡೆಯೊಂದರ ಮೇಲೆ ಬರಹ ಕಂಡಿತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದಕ್ಕೆ ಅವನ ಹೆಸರು ಹೇಳುವ ಸಾಕ್ಷಿ ಸಿಕ್ಕಿದ್ದು ಆ ಬಂಡೆಯಲ್ಲಿ. ಆ ಶಾಸನವನ್ನು ಸಂಪಾದಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಅದೇ ಮಾಲೆಯ 18ನೆಯ ಪುಸ್ತಕ, ಪಿ.ಬಿ. ದೇಸಾಯಿಯವರು ಸಂಪಾದಿಸಿದ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನ ಸಂಪುಟ, ಹೊರಬರುವ ಹೊತ್ತಿಗೆ ಆ ಸಂಸ್ಥಾನವೇ ಇರಲಿಲ್ಲ, 1958 ಆಗಿತ್ತು. ಹೆಸರು ಮಾತ್ರ ಹೊದಿಕೆಯ ಮೇಲೆ ಉಳಿಯಿತು. ಇಂದು ಮಸ್ಕಿಯ ಹೈಸ್ಕೂಲು ಹುಡುಗಿ ಇವನ್ನು ಫೋನಿನಲ್ಲಿ ತೆರೆಯಬಹುದು. ಊರಿನ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆದು ನೋಡಬೇಕೆಂದು ಅವಳಿಗೆ ಯಾರಾದರೂ ಹೇಳಿಕೊಟ್ಟಿದ್ದರೆ.

ಡಿಜಿಟಲ್ ಲೈಬ್ರರಿಯ ಜಾಲತಾಣಕ್ಕೂ ಒಂದು ದಿನ ‘ಪೇಜಸ್ ಮಿಸ್ಸಿಂಗ್’ ಚೀಟಿ ಬಿತ್ತು. ಕೃತಿಸ್ವಾಮ್ಯದ ತಕರಾರು, ಕೈಕೊಡುವ ಸರ್ವರ್. ಕೊನೆಗೆ ತಾಣವೇ ತೆರೆಯದಾಯಿತು. ಅಷ್ಟರೊಳಗೆ ಲಕ್ಷಗಟ್ಟಲೆ ಪುಸ್ತಕಗಳ ಪ್ರತಿ ಅಮೆರಿಕದ ‘ಇಂಟರ್ನೆಟ್ ಆರ್ಕೈವ್’ ಸೇರಿತ್ತು. ಅಲ್ಲಿ ಆ ಪುಸ್ತಕಗಳ ಗುರುತಿನ ಸಂಖ್ಯೆಯಲ್ಲಿ ‘ಡಿಎಲ್‌ಐ 2015’ ಎಂದು ಇವತ್ತಿಗೂ ಇದೆ. ಬೇರೆ ಊರಿಗೆ ಹೋಗಿ ನೆಲೆಸಿದವರ ಹೆಸರಿನ ಹಿಂದೆ ಹಳೇ ಊರಿನ ಹೆಸರು ಅಂಟಿಕೊಂಡಿರುವಂತೆ. ಇತ್ತ ಐಐಟಿ ಖರಗ್‌ಪುರ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ದೇಶಕ್ಕೆ ಅರ್ಪಣೆಯಾಯಿತು.

ಕೃತಿಸ್ವಾಮ್ಯದ ಲೆಕ್ಕ ಸರಳ: ಲೇಖಕರು ತೀರಿಕೊಂಡ ಮೇಲೆ 60 ವರ್ಷ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಅಚ್ಚೂ ಹಾಕಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರದಕ್ಕೆ 2054 ಮುಗಿಯುವ ತನಕ ಕಾಯಬೇಕು. ಲೆಕ್ಕ ಸರಳವಾದರೂ ಲೇಖಕ ಯಾವಾಗ ತೀರಿಕೊಂಡ ಎಂಬುದೇ ಗೊತ್ತಿಲ್ಲದ ಸಾವಿರಾರು ಪುಸ್ತಕಗಳಿವೆ. ಒಂದೇ ಒಂದು ನಾಟಕ ಬರೆದು ಮರೆಯಾದ ಹುಬ್ಬಳ್ಳಿಯ ಮಾಸ್ತರರ ಮರಣದ ದಾಖಲೆಯನ್ನು ಯಾರು ಹುಡುಕಿಕೊಡಬೇಕು? ಅಂಥ ಪುಸ್ತಕಗಳು ತ್ರಿಶಂಕುವಿನ ಹಾಗೆ ನಡುವೆ ತೂಗುತ್ತಿವೆ.

ಪುಸ್ತಕವಲ್ಲದ್ದು

ಇಷ್ಟಾದರೂ ಸ್ಕ್ಯಾನ್ ಆದದ್ದು ಪುಸ್ತಕ ಮಾತ್ರ. ನನ್ನ ತಕರಾರು ಇರುವುದು ಇಲ್ಲಿ.

ಉಸ್ಮಾನಿಯಾದ ಕ್ಯಾಂಪಸ್ಸಿನಲ್ಲಿ 1938ರ ಕೊನೆಯಲ್ಲಿ ಹಾಸ್ಟೆಲಿನ ಹುಡುಗರು ಪ್ರಾರ್ಥನೆಯ ಹೊತ್ತಿನಲ್ಲಿ ‘ವಂದೇ ಮಾತರಂ’ ಹಾಡಿದರು. ಹಾಡಕೂಡದೆಂದು ಆಡಳಿತ ತಡೆಯಿತು. ಮುಷ್ಕರವಾಯಿತು, ಹುಡುಗರನ್ನು ಹೊರಹಾಕಿದರು. ಚಳವಳಿ ಗುಲ್ಬರ್ಗದ ಕಾಲೇಜಿಗೂ ಹಬ್ಬಿತು. ಹೊರಬಿದ್ದವರಲ್ಲಿ ಅನೇಕರನ್ನು ನಾಗಪುರ ವಿಶ್ವವಿದ್ಯಾಲಯ ಸೇರಿಸಿಕೊಂಡಿತು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾಯರು ಅವರಲ್ಲೊಬ್ಬರು. ಇದರ ಮೇಲೆ ಪುಸ್ತಕಗಳಿವೆ, ಆತ್ಮಕತೆಗಳಿವೆ. ಆದರೆ ಆ ದಿನ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಗದ, ಹೊರಹಾಕಿದವರ ಪಟ್ಟಿ, ಮೆಸ್ಸಿನ ಲೆಕ್ಕದಲ್ಲಿ ಒಮ್ಮೆಗೇ ಕಡಿಮೆಯಾದ ಊಟದ ಎಲೆಗಳ ಸಂಖ್ಯೆ, ಇವು ಯಾವುದಕ್ಕೂ ಅಕ್ಸೆಷನ್ ನಂಬರ್ ಇರುವುದಿಲ್ಲ. ನಂಬರ್ ಇಲ್ಲದ್ದು ಗ್ರಂಥಾಲಯದ ಕಣ್ಣಿಗೆ ಕಾಗದ. ಕಾಗದ ಎಂದರೆ ರದ್ದಿ. ರದ್ದಿಗೆ ತೂಕ ಉಂಟು, ವಿಷಯ ಇಲ್ಲ.

ಒಂದು ಕಾಲೇಜಿನ 1960ರ ದಶಕದ ವಾರ್ಷಿಕ ಸಂಚಿಕೆಗಳನ್ನು ನಾನು ಕೊಂಡದ್ದು ಫುಟ್‌ಪಾತಿನಲ್ಲಿ, ದಾರದಲ್ಲಿ ಕಟ್ಟಿದ ಒಂದು ಕಟ್ಟು. ಕಾಲೇಜಿನ ಗ್ರಂಥಾಲಯದ ಮೊಹರಿನ ಮೇಲೆ ಗೀಟು ಹೊಡೆದಿತ್ತು. ಎನ್‌ಸಿಸಿ ತಂಡದ ಗ್ರೂಪ್ ಫೋಟೊ, ಮಹಿಳಾ ಸಂಘದ ರಂಗೋಲಿ ಸ್ಪರ್ಧೆಯ ವರದಿ, ಯುದ್ಧ ನಿಧಿಗೆ ಹುಡುಗರು ಕೂಡಿಸಿದ ಹಣದ ಲೆಕ್ಕ, ನವ್ಯ ಕಾವ್ಯವನ್ನು ಗೇಲಿ ಮಾಡಿ ಬಿ.ಎಸ್ಸಿ. ಹುಡುಗನೊಬ್ಬ ಬರೆದ ಪದ್ಯ. ಸೈನ್ಸ್ ಹುಡುಗನಿಗೂ ನವ್ಯದ ಬಿಸಿ ತಾಗಿತ್ತು ಎಂಬುದು ಯಾವ ಸಾಹಿತ್ಯ ಚರಿತ್ರೆಯಲ್ಲಿದೆ? ನಾನು ಆ ಕಾಲೇಜಿಗೆ ಹೋಗಿ, ಸಂಚಿಕೆಗಳನ್ನು ವಾಪಸ್ ಕೊಡುತ್ತೇನೆ, ಇಟ್ಟುಕೊಳ್ಳಿ ಎಂದೆ. ಕೌಂಟರಿನಲ್ಲಿದ್ದವರು ಕಟ್ಟನ್ನು ತಿರುವಿ ನೋಡಿ, “ಸರ್, ಇದನ್ನ ರೈಟ್ ಆಫ್ ಮಾಡಿ ಆಗಿದೆ. ಮತ್ತೆ ಒಳಗೆ ತಗೊಂಡ್ರೆ ಆಡಿಟ್‌ನವರು ಕೇಳ್ತಾರೆ” ಅಂದರು. ಅವರದು ತಪ್ಪೆನ್ನಲಾರೆ. ಕಟ್ಟು ನನ್ನ ಮನೆಯಲ್ಲೇ ಇದೆ.

ಕ್ಯಾಂಪಸ್ಸಿನ ಕಾಗದವೇ ನಾಡಿನ ಚರಿತ್ರೆಯಾದದ್ದಕ್ಕೆ ದೂರ ಹೋಗಬೇಕಿಲ್ಲ. ‘ಪ್ರಬುದ್ಧ ಕರ್ಣಾಟಕ’ ಶುರುವಾದದ್ದು 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಪತ್ರಿಕೆಯಾಗಿ. ಎ.ಆರ್. ಕೃಷ್ಣಶಾಸ್ತ್ರಿಗಳು ಹುಡುಗರನ್ನು ಕಟ್ಟಿಕೊಂಡು ನಡೆಸಿದ ಆ ತ್ರೈಮಾಸಿಕದ ಬೆನ್ನು ಹತ್ತಿದರೆ ಹೊಸಗನ್ನಡ ವಿಮರ್ಶೆ ಹುಟ್ಟಿದ ಬಗೆ ಕಾಣುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಮೇಷ್ಟರೊಬ್ಬರ ಆ ಮನೆಯಿಂದ. ಅದನ್ನು ಪಕ್ಕದ ಬೀದಿಯಲ್ಲಿ ಕೂತು ಕೇಳಿದವರು ಯಾರು, ಅವತ್ತಿನ ಕಾರ್ಯಕ್ರಮ ಪಟ್ಟಿ ಯಾರ ಕೈಬರಹದಲ್ಲಿತ್ತು, ವಿದ್ಯಾರ್ಥಿಗಳನ್ನು ಹಾಡಲು ಕರೆದದ್ದು ಕಾಲೇಜಿನ ಯಾವ ಗೋಡೆಯ ಮೇಲಿನ ಸೂಚನೆಯಿಂದ? ಗಾಳಿಗೆ ಹೋದ ಮಾತು ಗಾಳಿಗೇ ಹೋಯಿತು. ಅದನ್ನು ಹಿಡಿದು ನಿಲ್ಲಿಸಬಹುದಾಗಿದ್ದರೆ ಇಂಥ ಚೂರುಪಾರು ಕಾಗದಗಳೇ.

ಅದೇ ಮಹಾರಾಜ ಕಾಲೇಜಿನಲ್ಲಿ ಓದಿದ ಎ.ಕೆ. ರಾಮಾನುಜನ್ ಅವರ ಕಾಗದಪತ್ರಗಳು ಇವತ್ತು ಷಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಪುಸ್ತಕಗಳಷ್ಟೇ ಅಲ್ಲ, ಕರಡು, ದಿನಚರಿ, ಪತ್ರಗಳೂ ಇವೆ. ಯಾವ ಪೆಟ್ಟಿಗೆಯ ಯಾವ ಕಡತದಲ್ಲಿ ಏನಿದೆ ಎಂಬ ಪಟ್ಟಿಯನ್ನು ಇಲ್ಲಿ ಕೂತು ಓದಬಹುದು. ಅದನ್ನು ಓದುವಾಗ ಸಂತೋಷದ ಜತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುವುದು ಸುಳ್ಳಲ್ಲ. ಆದರೆ ಅಮೆರಿಕದ ಕ್ಯಾಂಪಸ್ಸೇ ಸುರಕ್ಷಿತ ಎಂದುಕೊಳ್ಳುವ ಹಾಗೂ ಇಲ್ಲ. ಮೈಸೂರಿನ ಇನ್ನೊಬ್ಬ ವಿದ್ಯಾರ್ಥಿ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಊರಿನ ಜಗಳ, ಮದುವೆ, ಗದ್ದೆ, ಜಾತಿ ಎಲ್ಲವನ್ನೂ ಬರೆದಿಟ್ಟುಕೊಂಡರು. ಆ ಟಿಪ್ಪಣಿಗಳನ್ನು 18 ವರ್ಷ ಕೂತು ವಿಂಗಡಿಸಿ ಸಜ್ಜುಮಾಡಿ, ಪುಸ್ತಕ ಬರೆಯಲೆಂದು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರವೊಂದಕ್ಕೆ ಒಯ್ದರು. 1970ರ ಏಪ್ರಿಲ್‌ನಲ್ಲಿ ಯಾರೋ ಆ ಕೇಂದ್ರಕ್ಕೆ ಬೆಂಕಿಯಿಟ್ಟರು. ಸಜ್ಜಾದ ಟಿಪ್ಪಣಿಗಳ ಮೂರು ಪ್ರತಿಗಳಿದ್ದವು. ಮೂರೂ ಅವರ ಅದೇ ಕೋಣೆಯಲ್ಲಿದ್ದವು. ಕಾವೇರಿ ಬಯಲಿನ ಹಳ್ಳಿಯೊಂದರ ಚರಿತ್ರೆ ಪೆಸಿಫಿಕ್ ಕರಾವಳಿಯಲ್ಲಿ ಬೂದಿಯಾಯಿತು. ನೆನಪಿನಿಂದಲೇ ಬರೆಯಲು ಕೂತ ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಪುಸ್ತಕ ದೊಡ್ಡದಾಯಿತು, ಸರಿ. ಆದರೆ ಮೂರನೆಯ ಪ್ರತಿಯನ್ನು ಮೈಸೂರಿನ ಯಾವುದೋ ಟ್ರಂಕಿನಲ್ಲಿ ಬಿಟ್ಟುಹೋಗಿದ್ದರೆ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಎಲ್ಲವನ್ನೂ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಡಬೇಕೆ? ಇಲ್ಲಿ ನಾನೂ ತಡವರಿಸುತ್ತೇನೆ. ಕಾಲೇಜುಗಳ ಹಳೆಯ ದಾಖಲಾತಿ ರಿಜಿಸ್ಟರುಗಳಲ್ಲಿ ವಿದ್ಯಾರ್ಥಿಯ ಜಾತಿ, ತಂದೆಯ ಕಸುಬು, ಫೀ ಮಾಫಿ ಕೇಳಿದ ಕಾರಣ, ನಪಾಸಾದ ವಿಷಯ ಎಲ್ಲ ಇರುತ್ತವೆ. ಒಂದು ತಾಲ್ಲೂಕಿನಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ಕುಟುಂಬ ಯಾವುದು, ಯಾವ ಜಾತಿಯ ಹುಡುಗಿಯರು ಯಾವ ದಶಕದಲ್ಲಿ ಬಂದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಕರವಿಲ್ಲ. ಆದರೆ ಬದುಕಿರುವ ಅಜ್ಜಿಯೊಬ್ಬರು ಗಣಿತದಲ್ಲಿ ಡುಮ್ಕಿ ಹೊಡೆದದ್ದು ಮೊಮ್ಮಕ್ಕಳ ಫೋನಿನಲ್ಲಿ ಮಿನುಗಬೇಕಾಗಿಲ್ಲ. ಸ್ಕ್ಯಾನ್ ಈಗಲೇ ಆಗಲಿ, ಬಾಗಿಲು ಇಷ್ಟು ವರ್ಷದ ಮೇಲೆ ತೆರೆಯಲಿ ಎಂದು ಗೆರೆ ಹಾಕಬಹುದು. ಗೆದ್ದಲು ಹಾಗೆ ಗೆರೆ ನೋಡಿ ಕಾಯುವುದಿಲ್ಲ.

ಯಂತ್ರಗಳಂತೂ ಈಗ ಬದಲಾಗಿವೆ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಗುಂಪು ನಡೆಸುವ ಕೆಲಸದಲ್ಲಿ ಪುಸ್ತಕವನ್ನು ಅಂಗಾತ ಮಲಗಿಸುವುದಿಲ್ಲ. ವ್ಯಾಸಪೀಠದಂಥ ತೊಟ್ಟಿಲಲ್ಲಿ ಅರ್ಧ ತೆರೆದು ಕೂರಿಸುತ್ತಾರೆ. ಕಾಲಿನ ಪೆಡಲ್ ಒತ್ತಿದರೆ ಗಾಜು ಮೇಲೇಳುತ್ತದೆ, ಕೈ ಪುಟ ತಿರುವುತ್ತದೆ, ಗಾಜು ಇಳಿಯುತ್ತದೆ, ಎರಡೂ ಬದಿಯ ಕ್ಯಾಮೆರಾಗಳು ಬಣ್ಣದಲ್ಲಿ ಚಿತ್ರ ತೆಗೆಯುತ್ತವೆ. ಹಳೆಯ ಹೊಲಿಗೆ ಯಂತ್ರದ ಮುಂದೆ ಕೂತವರ ಲಯವೇ ಇದು. ಇದರಲ್ಲಿ ನೇರಳೆ ಮೊಹರು ನೇರಳೆಯಾಗಿಯೇ ಉಳಿಯುತ್ತದೆ, ಪೆನ್ಸಿಲ್ ಗೆರೆಯೂ ಬದುಕುತ್ತದೆ. ಕಾಲೇಜು ಮ್ಯಾಗಜಿನ್ನೋ ನಾಟಕದ ಕರಪತ್ರವೋ ಈ ತೊಟ್ಟಿಲಿಗೆ ಭೇದವಿಲ್ಲ. ಯಾರಾದರೂ ತಂದು ಮಲಗಿಸಬೇಕು, ಮಲಗಿಸಿದ ಮೇಲೆ ಸರಿಯಾದ ಹೆಸರಿಡಬೇಕು. ಸ್ಕ್ಯಾನರಿಗೆ ಹಣ ಮಂಜೂರು ಮಾಡುವವರು ಹೆಸರಿಡುವ ಮನುಷ್ಯನ ಸಂಬಳಕ್ಕೆ ಒಂದು ಸಾಲು ಬರೆಯುವುದಿಲ್ಲ ಎಂಬುದು ಈ ವಿಷಯದಲ್ಲಿ ನಾನು ಕಂಡುಕೊಂಡ ಏಕೈಕ ನಿಯಮ.

ಹೈದರಾಬಾದಿನ ಆ ಪುಸ್ತಕಕ್ಕೆ ಮರಳುತ್ತೇನೆ. ಅದೊಂದು ಹಳಗನ್ನಡ ಪದ್ಯಗಳ ಪಠ್ಯಸಂಗ್ರಹ. ಮಧ್ಯದ ಪುಟವೊಂದರಲ್ಲಿ ‘ಕಾರ್’ ಎಂಬ ಪದದ ಕೆಳಗೆ ಗೆರೆಯೆಳೆದು, ಅಂಚಿನಲ್ಲಿ ಯಾರೋ ಶಾಯಿಯಲ್ಲಿ ಏನನ್ನೋ ಬರೆದಿದ್ದರು. ಶಾಯಿಯಾದ್ದರಿಂದ ಸ್ಕ್ಯಾನರಿನ ಕೈಯಿಂದ ಪಾರಾಗಿ ಬಂದಿತ್ತು. ಬಲದಿಂದ ಎಡಕ್ಕೆ ಹರಿದ ಬಳ್ಳಿಯಂಥ ಅಕ್ಷರ. ನನಗೆ ಓದಲು ಬಾರದು. ಕಲಬುರಗಿಯ ಹಿರಿಯ ಮೇಷ್ಟರೊಬ್ಬರಿಗೆ ಚಿತ್ರ ಕಳಿಸಿ, ಫೋನ್ ಮಾಡಿದೆ. ಅವರು ನಾಲ್ಕನೆಯ ಇಯತ್ತೆವರೆಗೆ ಉರ್ದುವಿನಲ್ಲಿ ಓದಿದವರು.

“ಇದೇನ್ ಕಳಿಸೀರಿ ತಮ್ಮಾ, ಮಸುಕ್ ಮಸುಕ್ ಅದ” ಅಂದರು. ಸ್ವಲ್ಪ ಹೊತ್ತು ಕನ್ನಡಕ ಹುಡುಕುವ ಸದ್ದು. “ಹಾಂ, ಉರ್ದು ಅದ. ‘ಬರ್ಸಾತ್’ ಅಂತ ಬರ್ದಾನ. ಬಾಜೂಕ ಕನ್ನಡ ಶಬ್ದ ಯಾವ್ದದ?”

“ಕಾರ್.”

“ಬರೋಬ್ಬರಿ! ಕಾರ್ ಅಂದ್ರ ಮಳಿಗಾಲ. ಹುಡುಗಗ ಕನ್ನಡದ ಅರ್ಥ ಉರ್ದುದಾಗ ಬರ್ಕೊಂಡ್ರೇ ತಿಳೀತಿತ್ತು ನೋಡ್ರಿ. ನಮ್ಮಪ್ಪನೂ ಹಂಗೇ ಬರೀತಿದ್ದ. ಮನಿ ಲೆಕ್ಕದ ಬುಕ್ಕೆಲ್ಲ ಉರ್ದುದಾಗೇ ಅವ. ನನ್ ಮೊಮ್ಮಗಗ ಒಂದಕ್ಷರ ಓದಾಕ ಬರಂಗಿಲ್ಲ.” ತಡೆದು ಕೇಳಿದರು, “ಯಾವಾಗಿಂದದು ಅದು? ಚೀಟಿ ಮ್ಯಾಲ ತಾರೀಖ್ ಇರ್ತದ ನೋಡ್ರಿ.”

ಮೊದಲ ಪುಟಕ್ಕೆ ಹೋಗಿ ಚಿತ್ರವನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿದೆ. ಮೂರು ಮೊಹರುಗಳಿದ್ದವು. ಎರಡು ಪೂರ್ತಿ ಕಪ್ಪು ಮುದ್ದೆ. ಮೂರನೆಯದರಲ್ಲಿ ಇಸವಿ ಮಸಿಯಲ್ಲಿ ಮುಳುಗಿತ್ತು, ತಿಂಗಳು ಮಾತ್ರ ಕಂಡಿತು.

“ಮಾರ್ಚ್ ಅಂತಿದೆ ಸರ್.”

“ಹೌದಲ್ಲ ಮತ್ತ,” ಅವರು ನಕ್ಕರು. “ಪರೀಕ್ಷಾ ಹತ್ರ ಬಂದಿತ್ತು.”